ತುಟಿ ಕಚ್ಚು, ಕಾಲು ನೋಡು

ಮಾಯೆಗೆ ಸಿಕ್ಕಿಬಿದ್ದ ವೀರನಿಗೆ ನಮ್ಮ ಪೌರಾಣಿಕ ಸಿನಿಮಾಗಳಲ್ಲಾದರೆ ದಿವ್ಯಾಸ್ತ್ರ ಬೇಕು, ಗತಿಯಿಲ್ಲದಿದ್ದರೆ ಒಂದು ಮಂತ್ರವಾದರೂ ಬೇಕು. ಮಸಾಶಿ ಕಿಶಿಮೊಟೊ ಅವರ 'ನರುಟೊ' ಮಾಂಗಾದ ನಿಂಜಾಗಳಿಗೆ ಅಷ್ಟೆಲ್ಲ ಖರ್ಚಿಲ್ಲ. ಹಲ್ಲು ಗಟ್ಟಿಯಿದ್ದರೆ ಸಾಕು.

1999ರಿಂದ 2014ರವರೆಗೆ ಜಪಾನಿನ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ 700 ಅಧ್ಯಾಯಗಳಾಗಿ ಬಂದ ಈ ಕತೆಯಲ್ಲಿ ಕಣ್ಕಟ್ಟು ವಿದ್ಯೆಯ ಹೆಸರು ಗೆಂಜುತ್ಸು. ವೈರಿಯ ಮಿದುಳಿನಲ್ಲಿ ಹರಿಯುವ ಚಕ್ರ ಎಂಬ ಶಕ್ತಿಯನ್ನು ಹಿಡಿತಕ್ಕೆ ತಂದುಕೊಂಡು, ಅವನ ಇಂದ್ರಿಯಗಳಿಂದಲೇ ಅವನಿಗೆ ಸುಳ್ಳು ಹೇಳಿಸುವುದು. ಶಾಲೆಯಲ್ಲಿ ಕಲಿಸುವ ಮದ್ದು ಸರಳ: ತನ್ನ ಚಕ್ರದ ಹರಿವನ್ನು ಒಂದು ಕ್ಷಣ ನಿಲ್ಲಿಸಿ, ಕೈಮುದ್ರೆ ಹಿಡಿದು 'ಕಾಯ್', ಅಂದರೆ 'ಬಿಡು' ಎನ್ನಬೇಕು. ಆದರೆ ಮುದ್ರೆ ಹಿಡಿಯುವ ಮೊದಲು, ತಾನು ಮೋಸಹೋಗಿದ್ದೇನೆಂದು ಒಪ್ಪಿಕೊಳ್ಳಬೇಕಲ್ಲ! ಆ ಪಾಠ ಯಾವ ಶಾಲೆಯಲ್ಲೂ ಇಲ್ಲ.

ಈ ವಿಷಯದಲ್ಲಿ ಕಥಾನಾಯಕ ನರುಟೊನ ತಂಡದ ಸಕುರಾ ಜಾಣೆ. ಚೂನಿನ್ ಎಂಬ ನಡು ದರ್ಜೆಯ ನಿಂಜಾ ಪದವಿಯ ಪರೀಕ್ಷೆಗೆ ಬಂದ ಹುಡುಗರು 301 ಎಂಬ ಫಲಕ ಕಂಡ ಬಾಗಿಲಲ್ಲಿ ಏಟು ತಿನ್ನುತ್ತಿದ್ದಾಗ, ತಾವಿನ್ನೂ ಎರಡನೇ ಮಹಡಿಯಲ್ಲೇ ಇದ್ದೇವೆ, ಆ ಫಲಕವೇ ಮಾಯೆ ಎಂದು ಅವಳಿಗೆ ಹೊಳೆದಿತ್ತು. ಅದೇ ಪರೀಕ್ಷೆಯ ಕೊನೆಯ ಸುತ್ತಿನಲ್ಲಿ ಆಕಾಶದಿಂದ ಬಿಳಿ ಗರಿಗಳು ಉದುರಿ, ಸೇರಿದ್ದ ಜನವೆಲ್ಲ ನಿದ್ದೆಹೋದರು. ಸಕುರಾ ಮುದ್ರೆ ಹಿಡಿದು ಎಚ್ಚರವಾಗಿಯೇ ಉಳಿದಳು. ಅವಳ ಜೊತೆಯ ಪರೀಕ್ಷಾರ್ಥಿ ಶಿಕಮಾರುವೂ ಉಳಿದಿದ್ದ, ಆದರೆ ನಿದ್ದೆ ಬಂದವನಂತೆ ಬಿದ್ದುಕೊಂಡಿದ್ದ. ಎಚ್ಚರವಿದ್ದವರಿಗೇ ಕೆಲಸ ಹಚ್ಚುತ್ತಾರೆ ಎಂಬುದು ಆ ಸೋಮಾರಿ ಮೇಧಾವಿಗೆ ಗೊತ್ತು. ಪಕ್ಕುನ್ ಎಂಬ ಪುಟ್ಟ ನಾಯಿ ಕಾಲಿಗೆ ಬಾಯಿ ಹಾಕಿದ ಮೇಲೆಯೇ ಅವನ ನಾಟಕಕ್ಕೆ ಪರದೆ ಬಿದ್ದಿದ್ದು.

ಮುಂದೆ ಅದೇ ಶಿಕಮಾರು ವೈರಿ ತಯುಯಾಳ ಕೊಳಲಿನ ಮಾಯೆಗೆ ಸಿಕ್ಕಾಗ, ತಾನು ಆಡಿಸಬಲ್ಲ ನೆರಳಿನಿಂದಲೇ ತನ್ನ ಬೆರಳು ಮುರಿದುಕೊಂಡು ಹೊರಬಂದ. ಗೆಂಜುತ್ಸುವಿನಲ್ಲಿ ಪಳಗಿದ ಕುರೆನಾಯ್ ಪಾಡು ಇನ್ನೂ ತಮಾಷೆಯದು. ಕಣ್ಣೋಟದಿಂದಲೇ ಮರುಳು ಮಾಡುವ ವೈರಿ ಇಟಾಚಿಯನ್ನು ಮಾಯಾವೃಕ್ಷಕ್ಕೆ ಕಟ್ಟಿಹಾಕಿದೆನೆಂದು ಬೀಗುವಷ್ಟರಲ್ಲಿ ಆ ಮರಕ್ಕೆ ಕಟ್ಟಿಸಿಕೊಂಡು ನಿಂತದ್ದು ತಾನೇ! ಆಕೆಯ ಪಾಂಡಿತ್ಯವೆಲ್ಲ ಅಲ್ಲಿಗೆ ಮುಗಿದು, ಉಳಿದ ಉಪಾಯ ತುಟಿ ಕಚ್ಚಿಕೊಳ್ಳುವುದೊಂದೇ. ಕಚ್ಚಿದಳು, ಬಿಡಿಸಿಕೊಂಡಳು, ಮರುಕ್ಷಣವೇ ಇಟಾಚಿಯ ಒದೆ ತಿಂದು ನೀರಿಗೆ ಬಿದ್ದಳು.

ಇಟಾಚಿಯ ಕಣ್ಣಿಗೆ ಕಣ್ಣು ಕೊಟ್ಟ ನರುಟೊನ ಗುರು ಕಕಾಶಿಗೆ ಒಂದೇ ಕ್ಷಣದಲ್ಲಿ 72 ಗಂಟೆಗಳ ಚಿತ್ರಹಿಂಸೆಯ ಅನುಭವವಾಗಿ, ಅವನು ಹಾಸಿಗೆ ಹಿಡಿದ. ಹಸಿರು ಉಡುಪಿನ ಗಾಯ್ ಬಳಿ ಇದಕ್ಕೂ ಪರಿಹಾರವಿತ್ತು: ಮುಖವನ್ನೇ ನೋಡಬೇಡಿ, ಕಾಲು ನೋಡಿ ಕಾದಾಡಿ. ಸಾಲ ಕೊಟ್ಟವರ ಎದುರು ಬಹಳ ಜನ ಅನುಸರಿಸುವ ಪದ್ಧತಿಯೇ ಇದು. ಗಾಯ್ ಮಾತ್ರ ಅಂಥದೇ ಕಣ್ಣಿನ ಕಕಾಶಿಯ ಜೊತೆ ವರ್ಷಗಟ್ಟಲೆ ಸೆಣಸಿ ಇದನ್ನು ಕರಗತ ಮಾಡಿಕೊಂಡಿದ್ದ. ಅಷ್ಟಾದರೂ ಇದು ಪೂರ್ತಿ ಭದ್ರವಲ್ಲ. ಕಣ್ಣು ತಪ್ಪಿಸಿದ ನರುಟೊನನ್ನು ಇಟಾಚಿ ಬರೀ ಬೆರಳು ತೋರಿಸಿ ಕೆಡವಿದ. ಸಕುರಾ ಮತ್ತು ಚಿಯೊ ಅಜ್ಜಿ ಅವನ ಮೈಮೇಲೆ ಕೈಯಿಟ್ಟು ತಮ್ಮ ಚಕ್ರ ಹರಿಸಿ ಎಬ್ಬಿಸಬೇಕಾಯಿತು. ಕಿಲ್ಲರ್ ಬಿ ಎಂಬ ನಿಂಜಾನಿಗೆ ಆ ಚಿಂತೆಯೂ ಇಲ್ಲ. ಮೈಯೊಳಗೇ ಬೀಡುಬಿಟ್ಟಿರುವ ಎಂಟು ಬಾಲದ ಮೃಗವೇ ಒಳಗಿನಿಂದ ತಟ್ಟಿ ಎಬ್ಬಿಸುತ್ತದೆ.

ನೋವು, ತಿವಿತ, ಕಡಿತ ಇವೆಲ್ಲ ಕೆಟ್ಟ ಕನಸಿಗಾಯಿತು. ಸಿಹಿ ಕನಸಿಗೆ? ಕಿಶಿಮೊಟೊ ಅವರ ಕುಯುಕ್ತಿ ಇರುವುದೇ ಇಲ್ಲಿ. ಕತೆಯ ಕೊನೆಗೆ ಚಂದ್ರನಿಂದ ಬೀಳುವ 'ಅನಂತ ತ್ಸುಕುಯೊಮಿ'ಯ ಬೆಳಕು ಒಬ್ಬೊಬ್ಬರಿಗೂ ಅವರು ಬಯಸಿದ್ದನ್ನೇ ಕಾಣಿಸುತ್ತದೆ. ನರುಟೊನನ್ನು ಮೆಚ್ಚಿದ ಹಿನಾಟಾ ಕನಸಿನಲ್ಲಿ ಅವನ ಜೊತೆ ಓಡಾಡುತ್ತಿದ್ದಾಳೆ. ಅವಳೇಕೆ ತುಟಿ ಕಚ್ಚಿಯಾಳು? ಇಡೀ ನಿಂಜಾ ಲೋಕ ನಿದ್ದೆಗೆ ಜಾರಿತು. ನರುಟೊನ ಜೊತೆಗಾರ ಸಾಸುಕೆ ತನ್ನ ಸುಸಾನೊ ಕವಚದ ಮರೆಯಲ್ಲಿ ಕಾಪಾಡಿದ ನರುಟೊ, ಸಕುರಾ, ಕಕಾಶಿಯರ ಏಳನೇ ತಂಡ ಎಚ್ಚರ ಉಳಿಯಿತು.

ಎಲ್ಲರನ್ನೂ ಎಬ್ಬಿಸುವ ಶಕ್ತಿ ಇದ್ದದ್ದು ನರುಟೊ ಮತ್ತು ಸಾಸುಕೆಗೆ. ಅವರಿಬ್ಬರೋ ಮೊದಲು ತಮ್ಮ ಜಗಳ ತೀರಿಸಿಕೊಳ್ಳಲು ಹೋಗಿ ಒಂದೊಂದು ಕೈ ಕಳೆದುಕೊಂಡು ಬಿದ್ದಿದ್ದರು. ಮಾಯೆ ಬಿಡಿಸುವ ಮುದ್ರೆಗೆ ಬೇಕಾದದ್ದು ಎರಡು ಕೈ. ಕೊನೆಗೆ ಇವನದೊಂದು, ಅವನದೊಂದು ಸೇರಿಸಿ ಹೇಗೋ ಹೊಂದಿಸಿಕೊಂಡರು.