ಅರ್ಧ ವ್ಯಾಟಿನ ವ್ಯಥೆ

ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಯೊಂದರಲ್ಲಿ ಸ್ಕ್ರೂಗಳನ್ನೆಲ್ಲ ಬಿಚ್ಚಿಸಿಕೊಂಡು ಕೂತಿದ್ದ ಪುಟ್ಟ ಗಿಟಾರ್ ಆಂಪ್ಲಿಫೈಯರ್, ನಮ್ಮ ಪ್ರತಿನಿಧಿಯನ್ನು ಕಂಡು ಮುಖ ತಿರುಗಿಸಲಿಲ್ಲ. ಮುಖವನ್ನು ಆಗಲೇ ಕಳಚಿ ಪಕ್ಕಕ್ಕಿಟ್ಟಿದ್ದರು. ಅಂಗೈಯಗಲದ ಶರೀರ, ಅರ್ಧ ವ್ಯಾಟಿನ ಶಾರೀರ.

ತಮ್ಮ ಕುಲಗೋತ್ರ?

"ಇಂಗ್ಲೆಂಡಿನ ಮಾರ್ಷಲ್ ಎಂಎಸ್-2 ನನ್ನ ದಾಯಾದಿ. 1 ವ್ಯಾಟ್, 9 ವೋಲ್ಟಿನ ಒಂದೇ ಬ್ಯಾಟರಿ. ಅಮೆರಿಕದ ಪಿಗ್‌ನೋಸ್ ನಮಗೆಲ್ಲ ಹಿರಿಯ, 5 ವ್ಯಾಟಿನವನು; ಅವನ ವಾಲ್ಯೂಮ್ ತಿರುಪೇ ಹಂದಿಮೂಗು. ನನ್ನೊಳಗಿರುವುದು ಎಂಟು ಕಾಲಿನ ಎಲ್‌ಎಂ386 ಚಿಪ್. 20ರಿಂದ 200 ಪಟ್ಟು ಹಿಗ್ಗಿಸುತ್ತದೆ. ಗಿಟಾರ್ ಪಿಸುಗುಟ್ಟಿದ್ದನ್ನು ನಾನು ಕಿರುಚಿ ಹೇಳುತ್ತೇನೆ. ಟಿವಿ ಚರ್ಚೆಗೆ ಯಾಕೋ ಇನ್ನೂ ಕರೆದಿಲ್ಲ."

ಧ್ವನಿ ಹೋದದ್ದು ಹೇಗೆ?

"ಹೆಡ್‌ಫೋನ್ ಜ್ಯಾಕಿನಿಂದ. ಅದರೊಳಗೊಂದು ತಗಡಿನ ನಾಲಿಗೆ. ಪಿನ್ ತೂರಿಸಿದರೆ ನಾಲಿಗೆ ಸರಿದು ಸ್ಪೀಕರಿನ ಸಂಪರ್ಕ ಕಡಿಯುತ್ತದೆ, ತೆಗೆದರೆ ಮತ್ತೆ ಕೂಡಬೇಕು. ಅಲ್ಲಿ ಕಿಲುಬು ಕೂತಿತು. ಹೆಡ್‌ಫೋನ್ ಕಿತ್ತು ತಿಂಗಳುಗಳಾದರೂ, ಇನ್ನೂ ಇದೆಯೆಂದೇ ನಂಬಿ ಸುಮ್ಮನಿದ್ದೆ. ನಿವೃತ್ತರಾದ ಸಾಹೇಬರ ಸಹಿಗೆ ಕಾಯುವ ಕಡತದ ಹಾಗೆ."

ಮಾಲೀಕರು?

"ಚಿಪ್ ಸುಟ್ಟಿದೆ ಎಂದು ತೀರ್ಪು ಕೊಟ್ಟು ಹೊಸದು ತರಿಸಿದರು. ನಡುವೆ ಕೈಗೆ ಸಿಕ್ಕ ಅಡಾಪ್ಟರನ್ನೂ ಚುಚ್ಚಿದರು. ಗಿಟಾರ್ ಪೆಡಲಿನ ಅಡಾಪ್ಟರಿಗೆ ಸಾಮಾನ್ಯವಾಗಿ ನಡುವೆ ಮೈನಸ್, ಬೇರೆ ಬಹುಪಾಲು ಸಾಮಾನಿಗೆ ನಡುವೆ ಪ್ಲಸ್. ಉಲ್ಟಾ ಬಂದ ಕರೆಂಟಿಗೆ ಒಂದು ಡಯೋಡ್ ಅಡ್ಡ ನಿಂತದ್ದರಿಂದ ಇವತ್ತು ನಿಮ್ಮೊಡನೆ ಮಾತಾಡುತ್ತಿದ್ದೇನೆ."

ಬ್ಯಾಟರಿ ಬಹಳ ತಿನ್ನುತ್ತೀರಂತೆ?

"ಅಪವಾದ! ನನಗೆ ಕೇಬಲ್ಲಿನ ಪಿನ್ನೇ ಸ್ವಿಚ್. ನುಡಿಸಿದವರು ಅದನ್ನು ಕೀಳದೆ ಮಲಗಿದರೆ ನನಗೆ ಜಾಗರಣೆ. ಸುಮ್ಮನಿದ್ದರೂ ಚಿಪ್ಪಿಗೆ 4 ಮಿಲಿಆಂಪಿಯರ್ ಬೇಕು."

ಅಷ್ಟರಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಕೈಹಾಕಿದ. ಸ್ಪೀಕರಿನ ತಂತಿಗಳಿಗೆ ಒಂದೂವರೆ ವೋಲ್ಟಿನ ಸೆಲ್ ತಾಗಿಸಿದ: 'ಟಪ್' ಎಂದಿತು. ಸ್ಪೀಕರ್ ಬದುಕಿದೆ. ಹೆಡ್‌ಫೋನ್ ಹಾಕಿ ಗಿಟಾರ್ ಮೀಟಿದ: ಕೇಳಿಸಿತು. ಚಿಪ್ಪೂ ಬದುಕಿದೆ. ಉಳಿದದ್ದು ಜ್ಯಾಕ್ ಒಂದೇ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪಿನ್ನನ್ನು ಹತ್ತಾರು ಸಲ ಒಳಗೆ ಹೊರಗೆ ಆಡಿಸಿದ. ಆಂಪ್ ಗುಡುಗಿತು, ಅರ್ಧ ವ್ಯಾಟಿನಷ್ಟು.

ಮಾಲೀಕರು ಬಂದರು. "ಪಾರ್ಟ್ ಏನೂ ಹಾಕಿಲ್ಲವಲ್ಲ, ಇನ್ನೂರು ಯಾತಕ್ಕೆ?"

"ನೀವು ತಂದ ಚಿಪ್ ಹಾಕಿಕೊಡ್ಲಾ ಸಾರ್?" ಎಂದ ಮೆಕ್ಯಾನಿಕ್. "ಐನೂರಾಗುತ್ತೆ."