ಕರಡಿಗೂ ಸ್ವಾತಂತ್ರ್ಯ

ಅಳಿಯ: ಮಾವ, ತೆರಿಗೆ ಅನ್ನೋದೇ ಹಗಲುದರೋಡೆ. ಸರ್ಕಾರ ತೊಲಗಿದ್ರೆ ಜನ ತಾವಾಗೇ ಉದ್ಧಾರ ಆಗ್ತಾರೆ.

ಮಾವ: ಯಾರಾದ್ರೂ ಮಾಡಿ ನೋಡಿದ್ದಾರೇನಪ್ಪ?

ಅಳಿಯ: ಓಹೋ! ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಗ್ರಾಫ್ಟನ್ ಅಂತ ಊರು. 2004ರಿಂದ ನಮ್ಮಂಥೋರೇ ಅಲ್ಲಿ ಹೋಗಿ ನೆಲೆಸಿ, ಊರಿನ ಖರ್ಚಿಗೆಲ್ಲ ಕತ್ತರಿ ಹಾಕಿದ್ರು.

ಮಾವ: ಬೀದಿದೀಪ?

ಅಳಿಯ: ದುಂದುವೆಚ್ಚ.

ಮಾವ: ಕಸ?

ಅಳಿಯ: ಅವರವರ ಇಷ್ಟ.

ಮಾವ: ಅದಕ್ಕೇ ಕರಡಿಗಳು ಊರಿಗೆ ನುಗ್ಗಿದ್ವಂತೆ?

ಅಳಿಯ: ಒಬ್ಬರು ಡೋನಟ್ ಹಾಕಿದ್ರು, ಇನ್ನೊಬ್ಬರು ಬಂದೂಕು ಹಿಡಿದ್ರು. ಎರಡೂ ಹಕ್ಕೇ!

ಮಾವ: 2012ರಲ್ಲಿ ಕರಡಿಯೊಂದು ಹೆಂಗಸೊಬ್ಬಳ ಮನೆಗೇ ಬಂದು ಪರಚಿತಲ್ಲ?

ಅಳಿಯ: ಅದು ಪರಸ್ಪರ ಒಪ್ಪಿಗೆ ಇಲ್ಲದ ವ್ಯವಹಾರ. ಉಗ್ರವಾಗಿ ಖಂಡಿಸ್ತೀವಿ.

ಮಾವ: ಕರಡಿಗೆ ತಿಳಿಸಿದ್ರಾ? ಅಂದಹಾಗೆ, ಫೋನು ಯಾರಿಗೆ?

ಅಳಿಯ: ಕರೆಂಟ್ ಆಫೀಸಿಗೆ. ಕರೆಂಟ್ ಹೋಗಿ ಹತ್ತು ನಿಮಿಷ ಆಯ್ತು. ಈ ದೇಶದಲ್ಲಿ ಸರ್ಕಾರ ಅನ್ನೋದು ಇದೆಯಾ, ಸತ್ತಿದೆಯಾ?