ಸವೆಯಬೇಕಾದ್ದು ನಟ್ಟು

ಸುಟ್ಟ ವಾಸನೆ ಅಲ್ಲ ದೊಡ್ಡಪ್ಪಾರೆ, ಪ್ಲಾಸ್ಟಿಕ್ ಕಾಯಾಕತ್ತೈತೆ. ಮಿಲ್ಲಿಂಗ್ ಮಷೀನಿಗೆ ನಟ್ಟು ಮಾಡಾಕತ್ತೀನಿ. ಹೂಂರಿ, ಪ್ಲಾಸ್ಟಿಕ್ ನಟ್ಟೇ. ಅಲ್ಲೇ ಬೇಲಿ ಹತ್ರ ನಿಂತ್ಕೊಳ್ರಿ, ಕೈ ಬಿಡೋ ಹಂಗಿಲ್ಲ, ಮಾಡ್ತಾ ಮಾಡ್ತಾ ಹೇಳ್ತೀನಿ.

ಈ ಮಷೀನಿನ ಟೇಬಲ್ ಅತ್ತಿತ್ತ ಸರಿಯೋದು ಅದರ ಹೊಟ್ಟೆಯೊಳಗಿನ ಉದ್ದ ಸ್ಕ್ರೂವಿನಿಂದ. ಲೀಡ್ ಸ್ಕ್ರೂ ಅಂತೀವಿ. ನಮ್ಮ ಮಷೀನಿನಾಗೆ ಹ್ಯಾಂಡಲ್ ಒಂದು ಸುತ್ತು ತಿರುವಿದ್ರೆ ಟೇಬಲ್ 4 ಮಿ.ಮೀ. ಸರೀತೈತೆ. ಆ ಸ್ಕ್ರೂ ತಿರುಗೋ ನಟ್ಟಿನ ಹಲ್ಲು ಸವೆದು ಅರ್ಧ ಮಿ.ಮೀ. ಸಡಿಲ ಬಂತು ಅಂದ್ರೆ, ದಿಕ್ಕು ಬದಲಿಸಿದಾಗೆಲ್ಲ ಹ್ಯಾಂಡಲ್ ಸುತ್ತಿನ ಎಂಟನೇ ಒಂದು ಭಾಗ ಸುಮ್ನೆ ತಿರುಗ್ತೈತೆ, ಟೇಬಲ್ ಅಲುಗೋದೇ ಇಲ್ಲ. ಡಯಲ್ ಒಂದು ಹೇಳಿದ್ರೆ ಜಾಬ್ ಒಂದು. ಅದನ್ನಾದ್ರೂ ಲೆಕ್ಕ ಹಾಕ್ಕೊಂಡು ಸುಧಾರಿಸಬಹುದು. ಆದ್ರೆ ಕಟ್ಟರ್ ತಿರುಗೋ ಕಡೆಗೇ ಜಾಬ್ ಹೋಗೋ ಹಂಗೆ ಕೊಟ್ಟರೆ, ಆ ಸಡಿಲದಾಗೆ ಕಟ್ಟರ್ ಟೇಬಲನ್ನ ತಾನೇ ಎಳಕೊಂತೈತೆ. ಕಟ್ಟರ್ ಮುರಿದು ಹಾರಿದ್ರೆ ಕಣ್ಣಿಗೇ ಅಪಾಯ. ಮೆಕ್ಕೆಜೋಳದ ಸುಗ್ಗಿ ಬಂತಂದ್ರೆ ಒಕ್ಕೋ ಮಷೀನಿನ ಶಾಫ್ಟಿಗೆ ಕೀ-ವೇ ಹೊಡೀರಿ ಅಂತ ಜನ ಬರ್ತಾರೆ. ಆಗ ನನ್ನ ಈ ಮಷೀನು ಹಿಂಗೆ ಅಲುಗಾಡ್ತಾ ಕೂತರೆ ಆಗೋದಿಲ್ಲ.

ಹೊಸ ಗನ್‌ಮೆಟಲ್ ನಟ್ಟು ಹಾಕಬಾರದಾ ಅಂದ್ರಾ? ಹಾಕಬಹುದು. ಆದ್ರೆ ಇದರ ಹಲ್ಲು ಮಾಮೂಲಿ ಬೋಲ್ಟಿನ ಚೂಪು ಹಲ್ಲಲ್ಲ, ತಲೆ ಚಪ್ಪಟೆ, ಎರಡು ಕಡೆ ಇಳಿಜಾರು, ನಡುವೆ 30 ಡಿಗ್ರಿ. ಅದರ ಮ್ಯಾಲೆ ಎಡ ಸುತ್ತಿನದು. ಅಂಥ ಹಲ್ಲು ಕೊರೆಯೋ ಟ್ಯಾಪು ಅಂಗಡಿಯಾಗೆ ಸಿಗೋದಿಲ್ಲ, ಮಾಡಿಸಾಕೆ ಹೋದ್ರೆ ನಟ್ಟಿಗಿಂತ ಟ್ಯಾಪೇ ತುಟ್ಟಿ. ಲೇತಿನಾಗೆ ಒಳಗಿಂದ ಹಲ್ಲು ಕೊರೆಯಾಕೆ ಇಷ್ಟು ಸಣ್ಣ ತೂತಿನಾಗೆ ಸಣ್ಣ ಟೂಲೇ ಹೋಗಬೇಕು. ಅದು ಬಾಗ್ತೈತೆ, ನಡುಗ್ತೈತೆ. ನುರಿತ ಟರ್ನರ್ ಕೈಗೆ ಮಾತ್ರ ಆ ಕೆಲಸ.

ಅಂಥ ಕೈಗಳು ಈ ಸೀಮೆಯಾಗೆ ಬಾಳ ಇದ್ವು. ಹರಿಹರದಾಗೆ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಬೆಂಗಳೂರಿನಾಗೆ ಎಚ್.ಎಂ.ಟಿ. ಕಟ್ಟಿದ್ದು 1953ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲೇ ತುಂಗಭದ್ರೆ ದಂಡೆ ಮ್ಯಾಲೆ ಲೇತಿನ ಕಾರ್ಖಾನೆ! ಅದನ್ನ ಕಟ್ಟಿದ ಮನೆತನದ ಹಿರಿಯರು ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿ ಕಡೆ ಗುರ್ಲಹೊಸೂರಿನಾಗೆ, 1869ರಲ್ಲಿ. ಸೈಕಲ್ ಅಂಗಡಿ ಇಟ್ಟಿದ್ದೋರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದ್ರು. ಕಬ್ಬಿಣ ತಾಗಿದ್ರೆ ಭೂಮಿಗೆ ವಿಷ ಆಗ್ತೈತೆ ಅಂತ ರೈತರು ಮೊದಮೊದಲು ಮುಟ್ಟಲಿಲ್ವಂತೆ. ಹರಿಹರದ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಲೇತುಗಳು ಮಾತ್ರ ಇವತ್ತಿಗೂ ಊರೂರ ವರ್ಕ್‌ಶಾಪಿನಾಗೆ ತಿರುಗ್ತಾ ಅದಾವೆ. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯ್ತು, 2018ರಲ್ಲಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕಾಗದಪತ್ರದ ದಾರಿ ಎತ್ತ ತಿರುಗಿದ್ರೂ ಮಷೀನ್ ಕೆಲಸಕ್ಕೆ ನಮ್ಮೂರು ಚಿಗಟೇರಿಯೋರು ಹಿಡಿಯೋದು ಹರಿಹರ-ದಾವಣಗೆರೆ ದಾರೀನೇ. ಆ ನುರಿತ ಕೈಗಳಿಗೆ ವಯಸ್ಸಾಯ್ತು ಅನ್ನೋದೇ ನನಗೆ ದೊಡ್ಡ ಸಂಕಟ, ದೊಡ್ಡಪ್ಪಾರೆ. ಮಷೀನು ಮುದಿಯಾಗೋದಲ್ಲ.

ಹಾಂ, ಈ ಬಿಳೀ ತುಂಡು. ಅಸಿಟಾಲ್ ಅಂತಾರೆ. ಅಮೆರಿಕದ ಡ್ಯುಪಾಂಟ್ 1960ರಲ್ಲಿ ಡೆಲ್ರಿನ್ ಅಂತ ಹೆಸರಿಟ್ಟು ಮಾರಾಕೆ ತಂತು, ಅಂಗಡಿಯಾಗೆ ಡೆಲ್ರಿನ್ ರಾಡ್ ಅಂದ್ರೇನೇ ಕೊಡ್ತಾರೆ. ನೈಲಾನ್ ಆದ್ರೆ ಗಾಳಿಯ ನೀರು ಹೀರಿ ಉಬ್ಬತೈತೆ, ಮಳೆಗಾಲದಾಗೆ ಬಿಗಿ, ಬೇಸಿಗೆಯಾಗೆ ಸಡಿಲ. ಇದು ಅಷ್ಟು ನೀರು ಹೀರೋದಿಲ್ಲ. ಉಕ್ಕಿನ ಮ್ಯಾಲೆ ನುಣ್ಣಗೆ ಜಾರ್ತೈತೆ.

ಹಲ್ಲು ಕೊರೆಯೋ ಗೋಜೇ ಇಲ್ಲ ನೋಡ್ರಿ. ತುಂಡಿಗೆ ಸ್ಕ್ರೂವಿನ ಬುಡದ ಅಳತೆಗಿಂತ ಕೊಂಚ ದೊಡ್ಡ ತೂತು ಹೊಡೆದು, ಉದ್ದಕ್ಕೆ ಎರಡು ಹೋಳು ಸೀಳಿದೆ. ಹೋಳುಗಳ ನಡುವೆ ಸ್ಕ್ರೂ ಇಟ್ಟು ವೈಸಿನಾಗೆ ಹಿಡಿದೀನಿ. ಈಗ ಬೆಂಕಿ ತೋರಿಸೋದು ಹೊರಗಿರೋ ಸ್ಕ್ರೂವಿಗೆ, ಪ್ಲಾಸ್ಟಿಕ್ಕಿಗಲ್ಲ. ಕಾವು ಸ್ಕ್ರೂವಿನಗುಂಟ ಒಳಕ್ಕೆ ಹೋಗಿ, 165-175 ಡಿಗ್ರಿ ಹತ್ರಕ್ಕೆ ಬಂದಾಗ ಅಸಿಟಾಲ್ ಮೆತ್ತಗಾಗ್ತೈತೆ. ಇದರದ್ದೇ ಒಂದು ಚೂರು ಸ್ಕ್ರೂವಿಗೆ ತಾಗಿಸಿ ನೋಡ್ತೀನಿ. ಅದು ಕರಗಿತು ಅಂದ್ರೆ ಬೆಂಕಿ ತೆಗೆದು ವೈಸ್ ಬಿಗಿ ಮಾಡೋದು. ಮೆದು ಬೆಲ್ಲದಾಗೆ ಬೆರಳೊತ್ತಿದಂಗೆ ಸ್ಕ್ರೂವಿನ ಹಲ್ಲೆಲ್ಲ ಅಚ್ಚೊತ್ತಿಕೊಂತೈತೆ. ಇದೇ ಸ್ಕ್ರೂವಿನ ಅಚ್ಚು ಇದೇ ಸ್ಕ್ರೂವಿಗೆ! ಎಡ ಸುತ್ತೋ ಬಲ ಸುತ್ತೋ, ಯಾವ ದೇಶದ ಅಳತೆಯೋ, ಕೇಳೋ ಪ್ರಮೇಯವೇ ಬರೋದಿಲ್ಲ.

ನೀವು ಅಲ್ಲೇ ಇರ್ರಿ, ಹತ್ರ ಬೇಡ. ಹೆಚ್ಚು ಕಾಯಿಸಿದ್ರೆ ಇದರಿಂದ ಫಾರ್ಮಾಲ್ಡಿಹೈಡ್ ಗಾಳಿ ಬರ್ತೈತೆ, ಕಣ್ಣು ಮೂಗು ಉರೀತಾವೆ. ಅದಕ್ಕೇ ಒಳಗೆ ಮಾಡದೆ ಬಯಲಿಗೆ ತಂದೀನಿ. ಇನ್ನೊಂದು, ಇದು ಹೊತ್ತಿಕೊಂಡ್ರೆ ಉರಿ ತೆಳು ನೀಲಿ, ಬಿಸಿಲಿನಾಗೆ ಕಾಣೋದೇ ಇಲ್ಲ.

ಅಚ್ಚು ಬಿದ್ದ ನಟ್ಟು ತಾನಾಗೇ ತಣ್ಣಗಾಗಬೇಕು, ನೀರು ಹಾಕಬಾರದು. ತಣ್ಣಗಾದ ಮ್ಯಾಲೆ ಸ್ಕ್ರೂವಿನಿಂದ ಬಿಚ್ಚದೆ ಹಂಗೇ ಲೇತಿನ ಎರಡು ಸೆಂಟರ್ ನಡುವೆ ಹಿಡಿದು ಹೊರಮೈ ತಿರುವಬೇಕು. ಆಗಲೇ ಹೊರಮೈಯೂ ಒಳಗಿನ ಹಲ್ಲೂ ಒಂದೇ ನಡುವಿಗೆ ಬರೋದು. ಆಮೇಲೆ ಹಳೇ ನಟ್ಟಿನ ಕಬ್ಬಿಣದ ಮನೆಯೊಳಗೆ ಬಿಗಿಯಾಗಿ ಕೂರಿಸಿದ್ರೆ ಹೋಳುಗಳು ಬಾಯಿ ಬಿಡೋದಿಲ್ಲ. ಮೊದಲು ಕೊಂಚ ಬಿಗಿ ಇರ್ತೈತೆ, ಎಣ್ಣೆ ಹಾಕಿ ಅತ್ತಿತ್ತ ಓಡಿಸಿದ್ರೆ ಹದಕ್ಕೆ ಬರ್ತೈತೆ.

ಬೇಗ ಸವೆಯೋದಿಲ್ವಾ ಅಂದ್ರಾ? ಸವೆಯೋದೇ ಇದರ ಕೆಲಸ. ನಿಮ್ಮ ಬೋರಿನ ಪಂಪು ಬಿಚ್ಚಿದಾಗ ಮೆಕ್ಯಾನಿಕ್ ಬುಷ್ ಹೋಗೈತೆ ಅಂತಾನೆ. ಶಾಫ್ಟ್ ಹೋಗೈತೆ ಅಂದ್ರೆ ನಿಮ್ಮ ಎದೆ ಧಸಕ್ ಅನ್ನತೈತೆ, ಹೌದಲ್ಲ? ಇಲ್ಲೂ ಅಷ್ಟೇ. ಸ್ಕ್ರೂ ಸವೆದ್ರೆ ಹೊಸ ಸ್ಕ್ರೂ ತರೋದು ಎಲ್ಲಿಂದ? ನಟ್ಟು ಸವೆದ್ರೆ ರಾಡಿನ ಇನ್ನೊಂದು ತುಂಡು ಕೊಯ್ಯೋದು, ಇಷ್ಟೇ ಬೆಂಕಿ, ಇಷ್ಟೇ ಕೆಲಸ. ಕಬ್ಬಿಣದ ಚೂರು, ಮರಳು ಒಳಗೆ ಹೋಗದಂಗೆ ಮಾತ್ರ ನೋಡ್ಕೋಬೇಕು. ಮೆತ್ತನೆ ಪ್ಲಾಸ್ಟಿಕ್ಕಿನಾಗೆ ಅವು ನಾಟಿಕೊಂಡ್ರೆ ಸ್ಕ್ರೂವನ್ನೇ ಉಜ್ಜಾಕೆ ಶುರು ಮಾಡ್ತಾವೆ.

ನಿಮ್ಮ ವೈಸಿನ ನಟ್ಟಿಗಾ? ಬೇಡ್ರಿ. ಇದು ಸಣ್ಣ ಮಷೀನು, ತೆಳ್ಳಗೆ ಕಟ್ ತಗೊಂಡ್ರೆ ನಟ್ಟಿನ ಮ್ಯಾಲೆ ಬೀಳೋ ಭಾರ ಕಮ್ಮಿ. ವೈಸಿನಾಗೆ ನೀವು ಹಿಡಿಗೆ ಪೈಪ್ ಸಿಕ್ಕಿಸಿ ಬಿಗೀತೀರಿ. ಆ ಭಾರಕ್ಕೆ ಪ್ಲಾಸ್ಟಿಕ್ ಹಲ್ಲು ದಿನದಿನಕ್ಕೆ ಸರಿದು ಸೋಲ್ತೈತೆ. ಬಿಚ್ಚಿ ನಟ್ಟನ್ನೂ ಸ್ಕ್ರೂವನ್ನೂ ಕೊಡ್ರಿ, ಹರಿಹರಕ್ಕೆ ಹೋದಾಗ ಗನ್‌ಮೆಟಲ್ಲಿನಾಗೇ ಮಾಡಿಸ್ಕೊಂಡು ಬರ್ತೀನಿ.